ಡಾ. ವಿಕ್ರಮ ಸಾರಾಭಾಯಿ: ಜವಕ್ಕೆ ದಿಕ್ಕನ್ನು ಕೂಡಿಸಿದ ವಿಜ್ಞಾನಿ

ತಿರುವನಂತಪುರ ನಗರದ ಉತ್ತರಕ್ಕೆ, ಅರಬ್ಬೀ ಸಮುದ್ರದ ದಡದಲ್ಲಿ ತುಂಬಾ ಎಂಬ ಊರಿದೆ. ನಮ್ಮ ತುಂಬೆ ಹೂವಿನ ಗಿಡಕ್ಕೆ ಮಲಯಾಳದಲ್ಲಿರುವ ಹೆಸರೂ ಅದೇ. ೧೯೬೩ನೆಯ ಇಸವಿ ನವೆಂಬರ್ ೨೧ರಂದು, ಸೂರ್ಯನು ಕಡಲಿನಲ್ಲಿ ಮುಳುಗಿದ ಸ್ವಲ್ಪ ಹೊತ್ತಿನ ಮೇಲೆ, ಅಂದು ಬೆಸ್ತರ ಹಳ್ಳಿಯಾಗಿದ್ದ ಆ ಊರಿನ ತೆಂಗಿನ ಮರಗಳ ನಡುವಿನಿಂದ ಒಂದು ರಾಕೆಟ್ಟು ಮೇಲೆದ್ದಿತು. ತುಸು ಹೊತ್ತಿನಲ್ಲಿಯೇ ಆಕಾಶದ ಬಲು ಎತ್ತರದಲ್ಲಿ ಕಿತ್ತಳೆ ಬಣ್ಣದ ಮೋಡವೊಂದು ಕಾಣಿಸಿಕೊಂಡು ನಿಧಾನವಾಗಿ ಹರಡತೊಡಗಿತು. ನೆಲದ ಮೇಲೆ ಕತ್ತಲು ಕವಿಯುತ್ತಿದ್ದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿದ್ದುದರಿಂದ ಆ ಮೋಡವು ಹೊಳೆಯುತ್ತಿತ್ತು. ಕೆಳಗೆ ನಿಂತವರು ತಲೆಯೆತ್ತಿ ಬೆರಗಿನಿಂದ ನೋಡಿದರು. ಭಾರತದ ಅಂತರಿಕ್ಷ ಸಾಹಸವು ಆರಂಭವಾದದ್ದು ಹೀಗೆ. ಅದರ ಸೂತ್ರಧಾರರು ೪೪ ವರ್ಷ ವಯಸ್ಸಿನ ಡಾಕ್ಟರ್ ವಿಕ್ರಮ ಸಾರಾಭಾಯಿಯವರು.

ಆ ಮೋಡವು ಸೋಡಿಯಂ ಲೋಹದ ಆವಿ. ಅದನ್ನು ಅಲ್ಲಿ ಹರಡಿದ್ದು ಜನರನ್ನು ರಂಜಿಸುವುದಕ್ಕಾಗಿ ಅಲ್ಲ. ಆ ಎತ್ತರದಲ್ಲಿ ಗಾಳಿಯು ಎಷ್ಟು ಜೋರಾಗಿ ಬೀಸುತ್ತದೆ, ಯಾವ ಕಡೆಗೆ ಬೀಸುತ್ತದೆ ಎಂಬ ಎರಡು ಸಂಗತಿಗಳನ್ನು ಒಟ್ಟಿಗೆ ತಿಳಿಯುವುದಕ್ಕಾಗಿ. ಎಷ್ಟು ಎಂಬುದನ್ನು ಮಾತ್ರ ತಿಳಿದರೆ ಅದಕ್ಕೆ ಜವವೆಂದು ಹೆಸರು. ಎಷ್ಟು ಎಂಬುದರೊಡನೆ ಯಾವ ಕಡೆಗೆ ಎಂಬುದೂ ಸೇರಿದರೆ ಅದು ವೇಗ. ಭೌತಶಾಸ್ತ್ರದ ಮೊದಲ ಪಾಠಗಳಲ್ಲಿ ಬರುವ ಈ ಭೇದವನ್ನು ಅನೇಕರು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತುಬಿಡುತ್ತಾರೆ. ಸಾರಾಭಾಯಿಯವರ ಜೀವನದಲ್ಲಾದರೋ ಇದು ಹೆಜ್ಜೆಹೆಜ್ಜೆಗೂ ಎದುರಾದ ವಿಷಯ. ಆದಕಾರಣ ಅವರ ಕಥೆಯನ್ನು ಈ ಭೇದದೊಡನೆಯೇ ಹೇಳುವುದು ಉಚಿತವೆಂದು ತೋರುತ್ತದೆ.

ಎರಡು ಶಬ್ದಗಳ ತೊಡಕು

ದಿನದ ಮಾತಿನಲ್ಲಿ ನಾವು ಬಸ್ಸು ವೇಗವಾಗಿ ಹೋಯಿತು ಎನ್ನುತ್ತೇವೆಯೇ ಹೊರತು ಜವವಾಗಿ ಹೋಯಿತು ಎನ್ನುವುದಿಲ್ಲ. ಶಾಲೆಯ ಕನ್ನಡ ಪುಸ್ತಕಗಳಾದರೋ ಈ ಎರಡು ಶಬ್ದಗಳನ್ನು ಬೇರ್ಪಡಿಸಿವೆ. ಕೇರಳದಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಇನ್ನೊಂದು ತೊಡಕೂ ಉಂಟು. ಮಲಯಾಳ ಪಾಠಪುಸ್ತಕಗಳಲ್ಲಿ ವೇಗಂ ಎಂದರೆ ನಮ್ಮ ಜವ. ನಮ್ಮ ವೇಗಕ್ಕೆ ಅವರು ಪ್ರವೇಗಂ ಎನ್ನುತ್ತಾರೆ. ಎರ್ನಾಕುಳಂನ ಶಾಲೆಯಲ್ಲಿ ಓದುವ ಮಗನಿಗೆ ರಾತ್ರಿ ಪಾಠ ಹೇಳಿಕೊಡಲು ಕುಳಿತ ಕನ್ನಡಿಗ ಗುಮಾಸ್ತನು, ತಾನು ಊರಿನ ಶಾಲೆಯಲ್ಲಿ ಕಲಿತಂತೆ ವೇಗಕ್ಕೆ ದಿಕ್ಕು ಬೇಕೇ ಬೇಕು ಎಂದರೆ, ಹುಡುಗನ ಪುಸ್ತಕವು ಬೇಡವೆನ್ನುತ್ತದೆ! ತಂದೆಯೂ ತಪ್ಪಿಲ್ಲ, ಪುಸ್ತಕವೂ ತಪ್ಪಿಲ್ಲ. ಹೆಸರು ಯಾವುದಾದರೂ ಇರಲಿ, ದಿಕ್ಕು ಉಂಟೋ ಇಲ್ಲವೋ ಎಂಬುದನ್ನು ನೋಡಿಕೊಂಡರೆ ತೊಡಕು ಬಿಡುತ್ತದೆ.

ಹೋಟೆಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಡಿಗೆಮನೆಯಿಂದ ಮೇಜಿಗೆ, ಮೇಜಿನಿಂದ ಅಡಿಗೆಮನೆಗೆ ಎಡತಾಕುವ ಸಪ್ಲೈಯರನೊಬ್ಬನು ಹತ್ತು ತಾಸಿನಲ್ಲಿ ೧೫ ಕಿಲೋಮೀಟರು ನಡೆದನೆಂದು ಇಟ್ಟುಕೊಳ್ಳೋಣ. ಅವನ ಸರಾಸರಿ ಜವವು ತಾಸಿಗೆ ಒಂದೂವರೆ ಕಿಲೋಮೀಟರು. ಆದರೆ ಬೆಳಿಗ್ಗೆ ಹೊರಟ ಅಡಿಗೆಮನೆಯ ಬಾಗಿಲಿಗೇ ರಾತ್ರಿ ಬಂದು ನಿಂತನಾದ್ದರಿಂದ ಅವನ ಸ್ಥಾನಪಲ್ಲಟವು ಸೊನ್ನೆ. ಸರಾಸರಿ ವೇಗವೂ ಸೊನ್ನೆ. ದುಡಿದ ಕಾಲುಗಳ ನೋವನ್ನು ಈ ಸೊನ್ನೆಯು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಶಾಸ್ತ್ರದ ಕೆಲಸವೂ ಅಲ್ಲ. ಹೊರಟಲ್ಲಿಂದ ಎಷ್ಟು ದೂರ, ಯಾವ ಕಡೆಗೆ ಸರಿದೆ ಎಂಬುದಷ್ಟೇ ಅದರ ಪ್ರಶ್ನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಕ್ರಮ ಸಾರಾಭಾಯಿಯವರು ೧೯೧೯ನೆಯ ಇಸವಿ ಆಗಸ್ಟ್ ೧೨ರಂದು ಅಹಮದಾಬಾದಿನಲ್ಲಿ ಜನಿಸಿದರು. ತಂದೆ ಅಂಬಾಲಾಲರು ಬಟ್ಟೆ ಗಿರಣಿಗಳ ಒಡೆಯರು, ತಾಯಿ ಸರಳಾದೇವಿಯವರು. ಎಂಟು ಮಂದಿ ಮಕ್ಕಳಿದ್ದ ಆ ಮನೆಯಲ್ಲಿಯೇ ಮಕ್ಕಳಿಗಾಗಿ ಶಾಲೆಯೊಂದು ನಡೆಯುತ್ತಿತ್ತು. ಗುಜರಾತ್ ಕಾಲೇಜಿನಲ್ಲಿ ಕೆಲಕಾಲ ಓದಿ, ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ತೆರಳಿದ ಅವರು ೧೯೪೦ರಲ್ಲಿ ಪ್ರಕೃತಿ ವಿಜ್ಞಾನದಲ್ಲಿ ಪದವಿ ಪಡೆದರು. ಎರಡನೆಯ ಮಹಾಯುದ್ಧದ ಕಾರಣದಿಂದ ಅಲ್ಲಿ ವ್ಯಾಸಂಗ ಮುಂದುವರಿಸಲಾರದೆ ಸ್ವದೇಶಕ್ಕೆ ಹಿಂದಿರುಗಿದರು.

ಹೀಗೆ ಹಿಂದಿರುಗಿದ ತರುಣನಿಗೆ ಆಶ್ರಯವಿತ್ತುದು ನಮ್ಮ ಬೆಂಗಳೂರು. ಅಲ್ಲಿಯ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಆಶ್ರಯದಲ್ಲಿ ಅವರು ವಿಶ್ವಕಿರಣಗಳ ಸಂಶೋಧನೆಗೆ ತೊಡಗಿದರು. ಡಾಕ್ಟರ್ ಹೋಮಿ ಭಾಭಾ ಅವರೂ ಆ ದಿನಗಳಲ್ಲಿ ಅಲ್ಲಿಯೇ ಇದ್ದರು. ಸಾರಾಭಾಯಿಯವರ ಮೊದಲ ಸಂಶೋಧನ ಲೇಖನವು ೧೯೪೨ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ನೃತ್ಯ ಕಲಾವಿದೆಯಾದ ಮೃಣಾಲಿನಿಯವರನ್ನು ಮದುವೆಯಾದರು. ಮೃಣಾಲಿನಿಯವರು ಕೇರಳ ಮೂಲದ ಮನೆತನದವರು. ನೇತಾಜಿಯವರ ಸೈನ್ಯದಲ್ಲಿದ್ದ ಕ್ಯಾಪ್ಟನ್ ಲಕ್ಷ್ಮಿಯವರು ಅವರ ಅಕ್ಕ. ಅಂತೂ ಗುಜರಾತಿನ ಈ ವಿಜ್ಞಾನಿಯು ತುಂಬಾಕ್ಕೆ ಕಾಲಿಡುವ ಎಷ್ಟೋ ಮೊದಲೇ ಕೇರಳದ ಅಳಿಯನಾಗಿದ್ದರು.

ದಿಕ್ಕು ತಪ್ಪಿಸಿಕೊಂಡು ಬರುವ ಕಿರಣಗಳು

ವಿಶ್ವಕಿರಣಗಳೆಂದರೆ ಅಂತರಿಕ್ಷದಿಂದ ಭೂಮಿಯ ಮೇಲೆ ಎಡೆಬಿಡದೆ ಸುರಿಯುವ ಅತಿ ಸೂಕ್ಷ್ಮ ಕಣಗಳು. ಅವುಗಳಲ್ಲಿ ಹೆಚ್ಚಿನವು ವಿದ್ಯುದಾವೇಶವುಳ್ಳವು. ಇಂತಹ ಕಣವೊಂದು ಭೂಮಿಯ ಕಾಂತಕ್ಷೇತ್ರವನ್ನು ಹೊಕ್ಕಾಗ ಅದರ ಹಾದಿಯು ಬಾಗುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಕಾಂತಕ್ಷೇತ್ರವು ಕಣದ ಜವವನ್ನು ಕೂದಲೆಳೆಯಷ್ಟೂ ಹೆಚ್ಚಿಸದು, ತಗ್ಗಿಸದು. ದಿಕ್ಕನ್ನು ಮಾತ್ರ ತಿರುಗಿಸುತ್ತದೆ. ಜವವು ಹಾಗೆಯೇ ಇದ್ದು ವೇಗವು ಬದಲಾಗುತ್ತಿರುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಇದು ಅಸಾಧ್ಯವೆಂದು ತೋರಿದವರು ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರನ್ನು ನೋಡಬಹುದು. ಪಾತ್ರೆಯು ಒಂದೇ ಸಮನೆ ತಿರುಗುತ್ತಿರುವಾಗ ಅದರ ಅಂಚಿಗೆ ಅಂಟಿದ ಉದ್ದಿನ ಕಾಳಿನ ಜವವು ಬದಲಾಗುವುದಿಲ್ಲ. ಆದರೆ ಈ ಕ್ಷಣ ಗೋಡೆಯ ಕಡೆಗೆ ಹೋಗುತ್ತಿದ್ದ ಕಾಳು ಮರುಕ್ಷಣ ಬಾಗಿಲ ಕಡೆಗೆ ಹೋಗುತ್ತಿರುತ್ತದೆ. ದಿಕ್ಕು ಬದಲಾದುದರಿಂದ ಅದರ ವೇಗವು ಗಳಿಗೆಗಳಿಗೆಗೂ ಬದಲಾಗುತ್ತಿದೆ.

ಯುದ್ಧ ಮುಗಿದ ಬಳಿಕ ೧೯೪೫ರಲ್ಲಿ ಸಾರಾಭಾಯಿಯವರು ಮತ್ತೆ ಕೇಂಬ್ರಿಜ್ಜಿಗೆ ತೆರಳಿ, ಉಷ್ಣವಲಯದ ವಿಶ್ವಕಿರಣಗಳನ್ನು ಕುರಿತ ಪ್ರಬಂಧಕ್ಕಾಗಿ ೧೯೪೭ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾಲಯವನ್ನು ಸ್ಥಾಪಿಸಿದರು. ಆಗ ಅವರಿಗೆ ೨೮ ವರ್ಷ. ಆ ಸಂಸ್ಥೆಯ ನಿರ್ದೇಶಕರಾಗಿ ಬಂದ ಹಿರಿಯ ವಿಜ್ಞಾನಿ ಕೆ. ಆರ್. ರಾಮನಾಥನ್ನರು ಪಾಲಕ್ಕಾಡಿನ ಕಡೆಯವರು. ತಾರುಣ್ಯದಲ್ಲಿ ತಿರುವನಂತಪುರದ ಮಹಾರಾಜ ಕಾಲೇಜಿನಲ್ಲಿ ಕೆಲಸಮಾಡಿದವರು. ಕಿರಣಗಳು ಯಾವ ಹೊತ್ತಿನಲ್ಲಿ ಎಷ್ಟು ಬರುತ್ತವೆ, ಯಾವ ಕಡೆಯಿಂದ ಬರುತ್ತವೆ ಎಂಬುದನ್ನು ಅಳೆಯುವ ಉಪಕರಣಗಳು ಅಹಮದಾಬಾದಿನಲ್ಲಿಯೂ ಆ ಬಳಿಕ ತಿರುವನಂತಪುರದಲ್ಲಿಯೂ ಹಗಲಿರುಳು ದುಡಿದವು.

ಈ ಸಂಶೋಧನೆಯಲ್ಲಿ ಸಾರಾಭಾಯಿಯವರ ಶಿಷ್ಯರಾಗಿ ಬೆಳೆದವರಲ್ಲಿ ಉಡುಪಿಯ ಬಳಿಯ ಅದಮಾರಿನಲ್ಲಿ ೧೯೩೨ರಲ್ಲಿ ಹುಟ್ಟಿದ ಯು. ಆರ್. ರಾಯರೂ ಒಬ್ಬರು. ಊರು ಬಿಟ್ಟು ಅನ್ನ ಅರಸುತ್ತ ದೇಶದ ನಾಲ್ಕು ಮೂಲೆಗೂ ಹೋದ ಮಕ್ಕಳಂತೆ, ಅದೇ ಊರುಗಳಿಂದ ವಿದ್ಯೆ ಅರಸುತ್ತ ಹೋದ ಮಕ್ಕಳೂ ಇದ್ದರೆಂಬುದನ್ನು ನಮ್ಮ ವಾಚಕರು ಅಭಿಮಾನದಿಂದ ನೆನೆಯಬಹುದು.

ತುಂಬಾದ ಆಯ್ಕೆ

ಭೂಮಿಯ ಕಾಂತೀಯ ಸಮಭಾಜಕ ರೇಖೆಯು ದಕ್ಷಿಣ ಕೇರಳದ ಮೇಲೆ ಹಾದುಹೋಗುತ್ತದೆ. ಅದರ ನೇರಕ್ಕೆ, ಸುಮಾರು ೧೦೦ ಕಿಲೋಮೀಟರು ಎತ್ತರದಲ್ಲಿ, ಪೂರ್ವಪಶ್ಚಿಮವಾಗಿ ವಿದ್ಯುತ್ ಪ್ರವಾಹವೊಂದು ಹರಿಯುತ್ತಿರುತ್ತದೆ. ಬೆಲೂನುಗಳು ಅಷ್ಟು ಎತ್ತರಕ್ಕೆ ಏರಲಾರವು. ಉಪಗ್ರಹಗಳು ಅಷ್ಟು ಕೆಳಗೆ ಬಹುಕಾಲ ಸುತ್ತಲಾರವು. ನಡುವಿನ ಈ ಪ್ರದೇಶವನ್ನು ಮುಟ್ಟಲು ರಾಕೆಟ್ಟೊಂದೇ ಸಾಧನ. ೧೯೬೨ರಲ್ಲಿ ಭಾರತ ಸರಕಾರವು ಅಂತರಿಕ್ಷ ಸಂಶೋಧನೆಗಾಗಿ ರಾಷ್ಟ್ರೀಯ ಸಮಿತಿಯೊಂದನ್ನು ರಚಿಸಿ ಸಾರಾಭಾಯಿಯವರನ್ನು ಅದರ ಅಧ್ಯಕ್ಷರನ್ನಾಗಿ ನೇಮಿಸಿದಾಗ, ಅವರ ಕಣ್ಣು ತುಂಬಾದ ಮೇಲೆ ಬಿದ್ದುದು ಈ ಕಾರಣದಿಂದ.

ಆದರೆ ಅಲ್ಲಿ ಬೆಸ್ತರ ಮನೆಗಳಿದ್ದವು. ಅವರ ಆರಾಧನೆಯ ಸ್ಥಳವಾದ ಸಂತ ಮೇರಿ ಮಗ್ದಲೇನಾ ಇಗರ್ಜಿಯಿತ್ತು. ಸಾರಾಭಾಯಿಯವರು ತಿರುವನಂತಪುರದ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡು ಕೇಳಿಕೊಂಡರು. ಬಿಷಪ್ಪರು ವಿಷಯವನ್ನು ಜನರ ಮುಂದಿಟ್ಟರು. ತಲೆಮಾರುಗಳಿಂದ ಬಾಳಿದ ದಡವನ್ನು ಬಿಟ್ಟು ಬೇರೆಡೆಗೆ ಹೋಗಲು ಆ ಬಡಜನರು ಒಪ್ಪಿದರು. ಊರು ಬಿಡುವುದೆಂದರೇನೆಂದು ಬಲ್ಲ ನಮ್ಮ ವಾಚಕರಿಗೆ ಆ ಒಪ್ಪಿಗೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಗರ್ಜಿಯೂ ಬಿಷಪ್ಪರ ಮನೆಯೂ ಕಚೇರಿ, ಕಾರ್ಯಾಗಾರಗಳಾದವು. ತರುಣ ಇಂಜಿನಿಯರರು ತಿರುವನಂತಪುರದ ಲಾಡ್ಜುಗಳಲ್ಲಿ ತಂಗಿ, ಊಟದ ಪೊಟ್ಟಣ ಕಟ್ಟಿಸಿಕೊಂಡು ಬಸ್ಸಿನಲ್ಲಿ ತುಂಬಾಕ್ಕೆ ಹೋಗಿಬರುತ್ತಿದ್ದರು. ರಾಕೆಟ್ಟಿನ ಭಾಗಗಳು ಸೈಕಲಿನ ಮೇಲೆ ಸಾಗಿದ್ದೂ ಉಂಟು.

ಮೊದಲನೆಯ ರಾಕೆಟ್ಟು ಅಮೆರಿಕದ ನೈಕಿ-ಅಪಾಚಿ. ಸೋಡಿಯಂ ಆವಿಯ ಉಪಕರಣವು ಫ್ರಾನ್ಸಿನದು. ಹಾರಿಸುವ ದಿನ ರಾಕೆಟ್ಟನ್ನು ಎತ್ತುವ ಕ್ರೇನಿನಲ್ಲಿ ಎಣ್ಣೆ ಸೋರಿ ಅದು ಕೈಕೊಟ್ಟಿತು. ನೆರೆದವರೆಲ್ಲರೂ ಸೇರಿ ರಾಕೆಟ್ಟನ್ನು ತೋಳ್ಬಲದಿಂದಲೇ ಎತ್ತಿ ಉಡ್ಡಯನದ ಚೌಕಟ್ಟಿಗೆ ಏರಿಸಿದರು. ಮೋಡವು ಹರಡಿದ ಮೇಲೆ ಬೇರೆ ಬೇರೆ ಊರುಗಳಿಂದ ಅದರ ಚಿತ್ರಗಳನ್ನು ತೆಗೆಯಲಾಯಿತು. ಒಂದೇ ಊರಿನ ಚಿತ್ರದಿಂದ ಮೋಡದ ನಿಜವಾದ ಸ್ಥಾನವು ತಿಳಿಯದು; ಹಲವು ಊರುಗಳ ಚಿತ್ರಗಳನ್ನು ಹೋಲಿಸಿದಾಗ ಅದು ಎಲ್ಲಿತ್ತು, ಎಷ್ಟು ಹೊತ್ತಿನಲ್ಲಿ ಯಾವ ಕಡೆಗೆ ಎಷ್ಟು ಸರಿಯಿತು ಎಂಬ ಲೆಕ್ಕ ಸಿಗುತ್ತದೆ. ಗಾಳಿಯ ವೇಗವನ್ನು ಕಂಡುಹಿಡಿಯುವ ಬಗೆ ಇದು.

ಕೊಚ್ಚಿಯ ದೋಣಿ ಮತ್ತು ತುಂಬಾದ ರಾಕೆಟ್ಟು

ಅಂದಿನ ರಾಕೆಟ್ಟುಗಳಿಗೆ ಹಾದಿಯಲ್ಲಿ ತಿರುಗಿಸುವ ಚುಕ್ಕಾಣಿ ಇರಲಿಲ್ಲ. ಒಮ್ಮೆ ಬಿಟ್ಟ ಮೇಲೆ ಬಿಟ್ಟದ್ದೇ ಸರಿ. ಸುತ್ತಮುತ್ತ ಜನವಸತಿಯಿರುವಾಗ ರಾಕೆಟ್ಟು ಕಡಲಿಗೆ ಬೀಳುವ ಬದಲು ದಡದ ಕಡೆಗೆ ವಾಲಿದರೆ ಅನಾಹುತವಾದೀತು. ಎಷ್ಟು ಜವದಿಂದ ಏರುತ್ತದೆ ಎಂಬ ಲೆಕ್ಕವೊಂದೇ ಇಲ್ಲಿ ಸಾಲದು.

ಇದನ್ನು ತಿಳಿಯಲು ಕೊಚ್ಚಿಗೆ ಹೋಗೋಣ. ಫೋರ್ಟ್ ಕೊಚ್ಚಿಯಿಂದ ವೈಪಿನ್ನಿಗೆ ದಾಟುವ ದೋಣಿಯು ಬಂದರಿನ ಬಾಯಿಯನ್ನು ಅಡ್ಡಹಾಯುತ್ತದೆ. ಭರತದ ಹೊತ್ತಿನಲ್ಲಿ ಕಡಲ ನೀರು ಒಳಕ್ಕೂ ಇಳಿತದ ಹೊತ್ತಿನಲ್ಲಿ ಹಿನ್ನೀರು ಹೊರಕ್ಕೂ ಆ ಬಾಯಿಯಲ್ಲಿಯೇ ಹರಿಯುತ್ತದೆ. ದೋಣಿಯ ಯಂತ್ರವು ಅದನ್ನು ನೇರ ಎದುರುದಡದ ಕಡೆಗೆ ತಾಸಿಗೆ ೮ ಕಿಲೋಮೀಟರಿನಂತೆ ತಳ್ಳುತ್ತಿದೆ, ನೀರು ಅಡ್ಡಲಾಗಿ ತಾಸಿಗೆ ೬ ಕಿಲೋಮೀಟರಿನಂತೆ ಹರಿಯುತ್ತಿದೆ ಎಂದಿಟ್ಟುಕೊಳ್ಳೋಣ. ಬರಿಯ ಅಂಕೆಗಳನ್ನು ಕೂಡಿಸುವವರು ೧೪ ಎಂದಾರು. ಆದರೆ ದೋಣಿಯು ಓರೆಯಾಗಿ ತಾಸಿಗೆ ೧೦ ಕಿಲೋಮೀಟರಿನಂತೆ ಸಾಗುತ್ತದೆ. ಎಂಟು ಮಾರು ಮುಂದೆ ಹೋಗುವಷ್ಟರಲ್ಲಿ ಆರು ಮಾರು ಪಕ್ಕಕ್ಕೆ ಸರಿದಿರುತ್ತದೆ. ವೇಗಗಳನ್ನು ಕೂಡಿಸುವಾಗ ದಿಕ್ಕನ್ನೂ ಗಮನಿಸಬೇಕಾದ ಕಾರಣವಿದು. ಅನುಭವಸ್ಥನಾದ ಚಾಲಕನು ಈ ಲೆಕ್ಕವನ್ನು ಕಾಗದದ ಮೇಲೆ ಮಾಡದೆ, ದೋಣಿಯ ಮೂತಿಯನ್ನು ನೀರು ಬರುವ ಕಡೆಗೆ ಸ್ವಲ್ಪ ತಿರುಗಿಸಿ ನೇರವಾಗಿ ಜೆಟ್ಟಿಗೆ ತಂದು ನಿಲ್ಲಿಸುತ್ತಾನೆ.

ತುಂಬಾದಲ್ಲಿ ನಡೆಯುತ್ತಿದ್ದುದೂ ಇಂತಹ ಲೆಕ್ಕವೇ. ಚೌಕಟ್ಟನ್ನು ಬಿಟ್ಟೇಳುವ ಮೊದಲ ಗಳಿಗೆಗಳಲ್ಲಿ ರಾಕೆಟ್ಟಿನ ಜವವು ಕಡಿಮೆ. ಆಗ ಅಡ್ಡಗಾಳಿಯು ಅದರ ಬಾಲದ ರೆಕ್ಕೆಗಳನ್ನು ತಳ್ಳುವುದರಿಂದ ಮೂತಿಯು ಗಾಳಿ ಬರುವ ಕಡೆಗೇ ತಿರುಗುತ್ತದೆ. ಆದುದರಿಂದ ಮೊದಲು ಬೆಲೂನುಗಳನ್ನು ಹಾರಿಬಿಟ್ಟು ಬೇರೆ ಬೇರೆ ಎತ್ತರಗಳಲ್ಲಿ ಗಾಳಿಯ ಜವವನ್ನೂ ದಿಕ್ಕನ್ನೂ ಅಳೆದು, ಅದಕ್ಕೆ ತಕ್ಕಂತೆ ಚೌಕಟ್ಟಿನ ಓರೆಯನ್ನೂ ಮುಖವನ್ನೂ ಹೊಂದಿಸಿ, ಅನಂತರವೇ ಬೆಂಕಿ ಕೊಡುತ್ತಿದ್ದರು.

ಹಾರಿದ ರಾಕೆಟ್ಟು ಎಲ್ಲಕ್ಕಿಂತ ಎತ್ತರವನ್ನು ಮುಟ್ಟಿದಾಗ ಮೇಲ್ಮುಖವಾದ ವೇಗವು ಸೊನ್ನೆಯಾಗಿ, ಅದು ಬಾಗಿ ಕೆಳಗಿಳಿಯುತ್ತದೆ. ಗಾಳಿಯು ಬಲು ವಿರಳವಾದ ಆ ಎತ್ತರದಲ್ಲಿ, ಒಂದೇ ಮಟ್ಟವನ್ನು ಏರುವಾಗ ದಾಟಿದ ಜವವೂ ಇಳಿಯುವಾಗ ದಾಟುವ ಜವವೂ ಬಹುಮಟ್ಟಿಗೆ ಸಮ. ಆದರೆ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಜವ ಒಂದೇ, ವೇಗ ಬೇರೆ.

ಪಶ್ಚಿಮದ ದಡದಿಂದ ಪೂರ್ವದ ದಡಕ್ಕೆ

೧೯೬೭ರ ನವೆಂಬರಿನಲ್ಲಿ ಭಾರತದಲ್ಲಿಯೇ ತಯಾರಾದ ರೋಹಿಣಿ ವರ್ಗದ ಚಿಕ್ಕ ರಾಕೆಟ್ಟು ತುಂಬಾದಿಂದ ಹಾರಿತು. ೧೯೬೮ರ ಫೆಬ್ರವರಿ ೨ರಂದು ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಆ ಕೇಂದ್ರವನ್ನು ವಿಶ್ವಸಂಸ್ಥೆಗೆ ಸಮರ್ಪಿಸಿದರು. ಅಷ್ಟರಲ್ಲಿಯೇ ಸಾರಾಭಾಯಿಯವರ ಮನಸ್ಸು ಉಪಗ್ರಹಗಳತ್ತ ಹರಿದಿತ್ತು. ಉಪಗ್ರಹವನ್ನು ಎತ್ತರಕ್ಕೆ ಒಯ್ದರಷ್ಟೇ ಸಾಲದು; ಅಲ್ಲಿ ಅದನ್ನು ಭೂಮಿಯ ಮೇಲ್ಮೈಗೆ ಸಮಾನಾಂತರವಾಗಿ ಸೆಕೆಂಡಿಗೆ ಸುಮಾರು ಎಂಟು ಕಿಲೋಮೀಟರಿನಂತೆ ಓಡಿಸಬೇಕು. ಅದೇ ಜವವನ್ನು ತಪ್ಪು ದಿಕ್ಕಿನಲ್ಲಿ ಕೊಟ್ಟರೆ ಉಪಗ್ರಹವು ಸುತ್ತುವ ಬದಲು ಹಿಂದಿರುಗಿ ಬೀಳುತ್ತದೆ.

ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ದಕ್ಷಿಣ ಭಾರತದ ನೆಲವು ಈ ತಿರುಗುವಿಕೆಯಿಂದ ಸೆಕೆಂಡಿಗೆ ಸುಮಾರು ೪೫೦ ಮೀಟರಿನಂತೆ ಪೂರ್ವಕ್ಕೆ ಚಲಿಸುತ್ತಲೇ ಇದೆ. ರಾಕೆಟ್ಟನ್ನು ಪೂರ್ವಕ್ಕೆ ಹಾರಿಸಿದರೆ ಇಷ್ಟು ವೇಗವು ಪುಕ್ಕಟೆಯಾಗಿ ದೊರೆಯುತ್ತದೆ; ಪಶ್ಚಿಮಕ್ಕೆ ಹಾರಿಸಿದರೆ ಇಷ್ಟನ್ನು ಕೈಯಿಂದ ತೆರಬೇಕಾಗುತ್ತದೆ. ತುಂಬಾದ ಮುಂದಿರುವುದು ಪಶ್ಚಿಮದ ಕಡಲು. ಪೂರ್ವಕ್ಕೆ ಜನರಿಂದ ತುಂಬಿದ ನೆಲ. ಆದಕಾರಣ ಸಾರಾಭಾಯಿಯವರು ಪೂರ್ವದ ದಡದಲ್ಲಿ ಆಂಧ್ರಪ್ರದೇಶದ ಶ್ರೀಹರಿಕೋಟಾ ದ್ವೀಪವನ್ನು ಆರಿಸಿದರು. ೧೯೭೧ರ ಅಕ್ಟೋಬರ್ ೯ರಂದು ಅಲ್ಲಿಂದ ಮೊದಲ ರಾಕೆಟ್ಟು ಹಾರಿತು.

ಕಾರ್ಯಕ್ಷೇತ್ರ ಮತ್ತು ಅಂತ್ಯ

ಈ ನಡುವೆ ಅವರು ಕೈಹಾಕಿದ ಕೆಲಸಗಳಿಗೆ ಲೆಕ್ಕವಿಲ್ಲ. ಬಟ್ಟೆ ಗಿರಣಿಗಳಿಗಾಗಿ ಸಂಶೋಧನ ಸಂಸ್ಥೆಯನ್ನು ಕಟ್ಟಿದರು. ಅಹಮದಾಬಾದಿನ ಆಡಳಿತ ವಿದ್ಯಾಸಂಸ್ಥೆಯು ೧೯೬೧ರಲ್ಲಿ ಆರಂಭವಾಗಲು ಕಾರಣರಾದರು. ಹೋಮಿ ಭಾಭಾ ಅವರು ೧೯೬೬ರ ಜನವರಿಯಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡಾಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷತೆಯ ಭಾರವೂ ಅವರ ಹೆಗಲಿಗೆ ಬಂದಿತು. ಅದೇ ವರ್ಷ ಪದ್ಮಭೂಷಣ ಪ್ರಶಸ್ತಿಯು ಸಂದಿತು. ೧೯೬೯ರಲ್ಲಿ ಭಾರತೀಯ ಅಂತರಿಕ್ಷ ಸಂಶೋಧನ ಸಂಸ್ಥೆಯು ಸ್ಥಾಪನೆಯಾಯಿತು.

ಇಷ್ಟೊಂದು ಕೆಲಸಗಳ ಜವದ ನಡುವೆಯೂ ಅವರು ದಿಕ್ಕನ್ನು ಮರೆಯಲಿಲ್ಲ. ಹಸಿದವರ ದೇಶಕ್ಕೆ ರಾಕೆಟ್ಟು ಏತಕ್ಕೆ ಎಂದು ಅನೇಕರು ಕೇಳುತ್ತಿದ್ದ ಕಾಲವದು. ಚಂದ್ರನನ್ನು ಮುಟ್ಟುವ ಪೈಪೋಟಿಯಲ್ಲಿ ಸಿರಿವಂತ ದೇಶಗಳನ್ನು ಹಿಂದೆ ಹಾಕಬೇಕೆಂಬ ಹಂಬಲ ತಮಗಿಲ್ಲವೆಂದೂ, ಹಳ್ಳಿಯ ಜನರಿಗೆ ವಿದ್ಯೆ, ಹವಾಮಾನದ ಮುನ್ಸೂಚನೆ, ಸಂಪರ್ಕ ಸಾಧನಗಳನ್ನು ಒದಗಿಸುವುದೇ ಗುರಿಯೆಂದೂ ಅವರು ಸ್ಪಷ್ಟಪಡಿಸಿದ್ದರು. ಈ ಉದ್ದೇಶದಿಂದಲೇ ೧೯೬೯ರಲ್ಲಿ ಅಮೆರಿಕದೊಡನೆ ಒಪ್ಪಂದವಾಯಿತು. ಅದರ ಫಲವಾಗಿ ೧೯೭೫–೭೬ರಲ್ಲಿ ಸುಮಾರು ೨೪೦೦ ಹಳ್ಳಿಗಳಿಗೆ ಉಪಗ್ರಹದ ಮೂಲಕ ಟೆಲಿವಿಷನ್ ಪಾಠಗಳು ಬಂದವು. ಕರ್ನಾಟಕದ ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು.

ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ. ೧೯೭೧ರ ಡಿಸೆಂಬರ್ ಕೊನೆಯಲ್ಲಿ ತುಂಬಾದ ಕೆಲಸಕ್ಕಾಗಿ ಬಂದವರು ತಿರುವನಂತಪುರದ ಬಳಿಯ ಕೋವಳಂನಲ್ಲಿ ತಂಗಿದ್ದರು. ೩೦ರ ಬೆಳಿಗ್ಗೆ ಅವರು ಹಾಸಿಗೆಯಲ್ಲಿಯೇ ನಿಧನ ಹೊಂದಿದ್ದು ಕಂಡುಬಂದಿತು. ವಯಸ್ಸು ೫೨ ಮಾತ್ರ. ಮುಂದಿನ ವರ್ಷ ತುಂಬಾದ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. ಪದ್ಮವಿಭೂಷಣವು ಮರಣೋತ್ತರವಾಗಿ ಬಂದಿತು.

ಅವರ ಶಿಷ್ಯರಾದ ಯು. ಆರ್. ರಾಯರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ತಯಾರಾದ ಆರ್ಯಭಟ ಉಪಗ್ರಹವು ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ೧೯೮೦ರ ಜುಲೈ ೧೮ರಂದು ನಮ್ಮದೇ ರಾಕೆಟ್ಟು ಶ್ರೀಹರಿಕೋಟಾದಿಂದ ಪೂರ್ವಾಭಿಮುಖವಾಗಿ ಹಾರಿ ೩೫ ಕಿಲೋಗ್ರಾಂ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಸಾರಾಭಾಯಿಯವರು ತೋರಿಸಿಹೋದ ದಿಕ್ಕಿನಲ್ಲಿಯೇ ಕೆಲಸ ಮುಂದುವರಿದಿತ್ತು.

ತುಂಬಾದ ಹಳೆಯ ಇಗರ್ಜಿಯು ಇಂದು ಅಂತರಿಕ್ಷ ವಸ್ತುಸಂಗ್ರಹಾಲಯವಾಗಿದೆ. ತಿರುವನಂತಪುರದಲ್ಲಿರುವ ನಮ್ಮವರು ಬಿಡುವಿನ ದಿನ ಮಕ್ಕಳೊಡನೆ ಅಲ್ಲಿಗೆ ಹೋಗಿಬರಬಹುದು. ಕೊಚ್ಚಿಯಲ್ಲಿರುವವರು ವೈಪಿನ್ನಿನ ದೋಣಿಯಲ್ಲಿ ಕುಳಿತಾಗ, ಅದರ ಮೂತಿ ಯಾವ ಕಡೆಗಿದೆ, ದೋಣಿ ಸಾಗುತ್ತಿರುವುದು ಯಾವ ಕಡೆಗೆ ಎಂದು ಮಕ್ಕಳಿಗೆ ತೋರಿಸಿಕೊಡಬಹುದು. ಅಷ್ಟನ್ನು ಕಂಡುಕೊಂಡ ಹುಡುಗನು ಪುಸ್ತಕವು ಕನ್ನಡದ್ದಾದರೂ ಮಲಯಾಳದ್ದಾದರೂ ಪರೀಕ್ಷೆಯಲ್ಲಿ ತಡವರಿಸಲಾರನು.